ದೋಣಿಯ ಅಜ್ಜಿಯನ್ನು ನಂಬಬಹುದೇ? ಆಟಗಾರರು ಮತ್ತು ಎನ್‌ಪಿಸಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮೇಜಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಮಾತು ಮತ್ತು ದಾಳಗಳಿಂದ ಕಥೆ ಕಟ್ಟುವ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟ ನಡೆಸಲು ಹೊರಟ ಹೊಸಬರು ನನ್ನಲ್ಲಿ ನಿಯಮಗಳ ಬಗ್ಗೆ ಕೇಳುವುದು ಕಡಿಮೆ. "ಹೋಟೆಲಿನವನು ಸಾರು ಬಡಿಸಿದರೆ ವಿಷ ಇದೆಯೇ ಎಂದು ನೋಡುತ್ತಾರೆ, ದಾರಿ ತೋರಿಸಿದ ಹುಡುಗನ ಕುತ್ತಿಗೆಗೆ ಕತ್ತಿ ಇಡುತ್ತಾರೆ, ಏನು ಮಾಡಲಿ?" ಎಂಬ ಗೋಳೇ ಹೆಚ್ಚು. ಆ ಗೋಳಿಗೆ ಕೊಟ್ಟ ಉತ್ತರಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ.

ಮೊದಲಿಗೆ, ಎನ್‌ಪಿಸಿ ಎಂದರೆ ಯಾರು?

ಆಟಗಾರರು ವಹಿಸಿಕೊಳ್ಳದ ಪಾತ್ರಗಳೆಲ್ಲ ಎನ್‌ಪಿಸಿಗಳೇ, ಅಂದರೆ ನಾನ್-ಪ್ಲೇಯರ್ ಕ್ಯಾರೆಕ್ಟರ್‌ಗಳು. ನಾಲ್ವರು ಆಟಗಾರರಿಗೆ ನಾಲ್ಕು ಪಾತ್ರ. ಉಳಿದ ಲೋಕವಷ್ಟೂ, ರಾಜನಿಂದ ಹಿಡಿದು ಸಂತೆಯಲ್ಲಿ ಬದನೆಕಾಯಿ ಮಾರುವವಳವರೆಗೆ, ಜಿಎಂ ಬಾಯಲ್ಲಿ ಮಾತನಾಡುತ್ತದೆ. ಜಿಎಂ ಎಂದರೆ ಗೇಮ್ ಮಾಸ್ಟರ್. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡುವವರು ಡಿಎಂ (ಡಂಜನ್ ಮಾಸ್ಟರ್) ಎನ್ನುತ್ತಾರೆ, ಕಾಲ್ ಆಫ್ ಕ್ಥುಲು ಆಡುವವರು ಕೀಪರ್ ಎನ್ನುತ್ತಾರೆ. ಕೆಲಸ ಒಂದೇ.

ನನ್ನ ಆಟಗಾರರು ಒಬ್ಬ ಎನ್‌ಪಿಸಿಯನ್ನೂ ನಂಬುವುದಿಲ್ಲ. ಏಕೆ?

ನೀವೇ ಕಲಿಸಿದ್ದರಿಂದ. ಸಿಟ್ಟಾಗಬೇಡಿ, ನಾನೂ ಕಲಿಸಿದ್ದೆ.

ನಾನು ನಡೆಸಿದ ಮೊದಲ ದೀರ್ಘ ಕ್ಯಾಂಪೇನ್‌ನಲ್ಲಿ, ಅಂದರೆ ವಾರ ವಾರ ಮುಂದುವರಿಯುವ ಒಂದೇ ಕಥೆಯಲ್ಲಿ, ಆಟಗಾರರಿಗೆ ಕೆಲಸ ಕೊಟ್ಟ ವರ್ತಕ ಕೊನೆಗೆ ಕಳ್ಳಸಾಗಣೆದಾರನಾಗಿದ್ದ. ಅವರ ಗಾಯಕ್ಕೆ ಮದ್ದು ಹಾಕಿದ ಅರ್ಚಕ ಶತ್ರುಗಳ ಗೂಢಚಾರನಾಗಿದ್ದ. ಕೋಟೆಯ ಕಾವಲಿನ ಮುಖ್ಯಸ್ಥ, ಅವರೊಂದಿಗೆ ಕೂತು ಉಂಡವನು, ಬಾಗಿಲು ತೆರೆದು ದರೋಡೆಕೋರರನ್ನು ಒಳಗೆ ಬಿಟ್ಟ. ಮೂರು ಸಲವೂ ಮೇಜಿನ ಸುತ್ತ ಹುಬ್ಬುಗಳು ಮೇಲೇರಿದವು, ಮೂರು ಸಲವೂ ನಾನು ಬಲು ಜಾಣನೆಂದುಕೊಂಡೆ. ನಾಲ್ಕನೆಯದಾಗಿ ಒಂದು ಹೊಳೆ ಬಂತು. ಹೊಳೆಯೆಂದ ಮೇಲೆ ದೋಣಿ ಬೇಕು, ದೋಣಿಗೊಬ್ಬರು ಬೇಕು ಎಂದು ಒಬ್ಬ ಅಜ್ಜಿಯನ್ನು ಕೂರಿಸಿದೆ. ಅವಳಿಗೆ ಹೆಸರೂ ಇಟ್ಟಿರಲಿಲ್ಲ. ತಲೆಗೆರಡು ತಾಮ್ರದ ಕಾಸು ಕೇಳಿ ಆಚೆ ದಡಕ್ಕೆ ಬಿಡುವುದಷ್ಟೇ ಅವಳ ಪಾಲಿನ ಕೆಲಸ.

ಆಟಗಾರರು ನಲವತ್ತು ನಿಮಿಷ ಚರ್ಚೆ ಮಾಡಿದರು. ಎರಡೇ ಕಾಸು ಏಕೆ ಕೇಳಿದಳು? ಇಷ್ಟು ಕಡಿಮೆಗೆ ಯಾರಾದರೂ ದಾಟಿಸುತ್ತಾರೆಯೇ? ಕಡೆಗೆ ಅಜ್ಜಿಯನ್ನು ದಡದ ಗೂಟಕ್ಕೆ ಕಟ್ಟಿ, ದೋಣಿಯನ್ನು ತಾವೇ ನಡೆಸಿಕೊಂಡು ಹೋದರು. ಹುಟ್ಟು ಹಾಕಲು ಯಾರಿಗೂ ಬರುತ್ತಿರಲಿಲ್ಲ. ದೋಣಿ ಬಂಡೆಗೆ ತಗುಲಿ, ಅರ್ಧ ಆಹಾರ ನೀರುಪಾಲಾಯಿತು. "ನೋಡಿ, ಮುದುಕಿ ಮೊದಲೇ ತೂತು ಮಾಡಿಟ್ಟಿದ್ದಳು" ಎಂದು ತೀರ್ಮಾನಿಸಿದರು! ಅಂದು ನಕ್ಕುಬಿಟ್ಟೆ. ಮನೆಗೆ ಹೋಗುವ ಬಸ್ಸಿನಲ್ಲಿ ನಗು ಇಳಿಯಿತು.

ತಪ್ಪು ಪೂರ್ತಿ ನಿಮ್ಮದೇ ಅಲ್ಲ ಎಂಬುದನ್ನೂ ಹೇಳಬೇಕು. ಈ ಆಟದ ಕಟ್ಟಡದಲ್ಲಿಯೇ ಒಂದು ಬಿರುಕಿದೆ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಹುಟ್ಟುವ ಮೊದಲು, 1969ರಲ್ಲಿ, ಅಮೆರಿಕದ ಮಿನ್ನೆಸೋಟದಲ್ಲಿ ಡೇವಿಡ್ ವೆಸ್ಲಿ ಎಂಬವರು ಬ್ರೌನ್‌ಸ್ಟೈನ್ ಎಂಬ ಯುದ್ಧದಾಟ ನಡೆಸಿದರು. ಸೈನ್ಯಗಳನ್ನು ಎದುರುಬದುರು ನಿಲ್ಲಿಸುವ ಬದಲು ಅವರು ಆಟಗಾರರಿಗೆ ಊರಿನ ಮೇಯರ್, ಬ್ಯಾಂಕರ್, ವಿಶ್ವವಿದ್ಯಾಲಯದ ಕುಲಪತಿ ಎಂದು ಪಾತ್ರ ಹಂಚಿದರು. ಅಲ್ಲಿ ಬ್ಯಾಂಕರನನ್ನು ನಂಬಬೇಕೋ ಬೇಡವೋ ಎಂದರೆ ಎದುರು ಕೂತ ಗೆಳೆಯನನ್ನು ನಂಬಬೇಕೋ ಬೇಡವೋ ಎಂದೇ ಅರ್ಥ. 1974ರಲ್ಲಿ ಗ್ಯಾರಿ ಗೈಗಾಕ್ಸ್ ಮತ್ತು ಡೇವ್ ಆರ್ನೆಸನ್ ಅವರ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅಚ್ಚಾಗುವ ಹೊತ್ತಿಗೆ ಆಟಗಾರರು ಸಾಹಸಿಗಳಾಗಿ ಒಂದು ಕಡೆ ಸೇರಿದ್ದರು, ಮೇಯರ್ ಬ್ಯಾಂಕರ್‌ಗಳೆಲ್ಲ ಒಬ್ಬನ ಬಾಯಿಗೆ ಬಂದು ಬಿದ್ದಿದ್ದರು. ಆ ಒಬ್ಬನ ಬಾಯಲ್ಲೇ ರಾಕ್ಷಸನೂ ಇದ್ದಾನೆ, ಹೋಟೆಲಿನವನೂ ಇದ್ದಾನೆ. ಹೀಗಿರುವಾಗ ಆಟಗಾರರು ಅಳೆಯುವುದು ಹೋಟೆಲಿನವನನ್ನಲ್ಲ, ನಿಮ್ಮನ್ನು. ನಿಮ್ಮ ಅಜ್ಜಿಯನ್ನು ಕಟ್ಟಿಹಾಕಿದರೆಂದರೆ ನಿಮ್ಮನ್ನೇ ಕಟ್ಟಿಹಾಕಿದ್ದಾರೆ ಎಂದುಕೊಳ್ಳಿ.

ಹಾಗಾದರೆ ಜಿಎಂ ಸುಳ್ಳು ಹೇಳಲೇಬಾರದೇ?

ಎನ್‌ಪಿಸಿ ಸುಳ್ಳು ಹೇಳಬಹುದು. ಜಿಎಂ ಹೇಳಬಾರದು.

"ಕೋಣೆ ಖಾಲಿಯಿದೆ" ಎಂದು ನೀವು ನಿಮ್ಮ ದನಿಯಲ್ಲಿ ವರ್ಣಿಸಿದರೆ, ಅವರ ಕಣ್ಣಿಗೆ ಕೋಣೆ ಖಾಲಿಯಾಗಿಯೇ ಕಾಣಬೇಕು. "ಒಳಗೆ ಯಾರೂ ಇಲ್ಲ ಸ್ವಾಮಿ" ಎಂದು ಕಾವಲುಗಾರ ಹೇಳಿದರೆ ಆ ಮಾತು ಅವನದು, ಅದರ ಪಾಪವೂ ಅವನದು. ಇವೆರಡರ ನಡುವಿನ ಗೆರೆ ಮೇಜಿನ ಎಲ್ಲರಿಗೂ ಕಾಣುವಂತಿರಬೇಕು. ನಮ್ಮ ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿ ಕೂತಲ್ಲೇ ಶಕುನಿಯಾಗಿ ಎಷ್ಟು ಸಿಹಿಯಾಗಿ ಮಾತನಾಡಿದರೂ ಆ ಸಿಹಿ ಶಕುನಿಯದೆಂದು ಕೇಳುಗರಿಗೆ ಗೊತ್ತಿರುತ್ತದೆ, ಭಾಗವತರ ಪದ್ಯವನ್ನು ಯಾರೂ ಸಂಶಯಿಸುವುದಿಲ್ಲ. ಜಿಎಂ ಒಬ್ಬನೇ ಭಾಗವತನೂ ಹೌದು, ಎದುರು ಪಾಳಯದ ಅರ್ಥಧಾರಿಯೂ ಹೌದು. ಆದ್ದರಿಂದ ಎನ್‌ಪಿಸಿ ಮಾತನಾಡುವಾಗ ಕೂರುವ ಭಂಗಿಯನ್ನೋ ದನಿಯನ್ನೋ ಸ್ವಲ್ಪ ಬದಲಿಸಿ. ನಾನು ಕನ್ನಡಕ ತೆಗೆಯುತ್ತೇನೆ. ನಟನೆ ಬರದವರಿಗೆ ಇಷ್ಟೇ ಸಾಕು.

ದ್ರೋಹದ ಕಥೆಯೇ ಇಲ್ಲದ ಆಟ ಸಪ್ಪೆಯಲ್ಲವೇ?

ಸಪ್ಪೆಯೇ. ಹೇಗೆ ಮಾಡಬೇಕೆಂಬುದಕ್ಕೆ ಹಳೆಯ ಮಾದರಿಯೊಂದಿದೆ. ಗೈಗಾಕ್ಸ್ 1979ರಲ್ಲಿ ಬರೆದ ದಿ ಕೀಪ್ ಆನ್ ದಿ ಬಾರ್ಡರ್‌ಲ್ಯಾಂಡ್ಸ್ ಎಂಬ ಸಾಹಸ ಹಲವು ವರ್ಷ, ಹೊಸಬರಿಗಾಗಿ ಮಾರುತ್ತಿದ್ದ ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ ಬೇಸಿಕ್ ಪೆಟ್ಟಿಗೆಯೊಳಗೇ ಬರುತ್ತಿತ್ತು. ಎಷ್ಟೋ ಮಂದಿಯ ಮೊದಲ ಆಟ ಅದೇ. (ಇನ್ನೂ ಆಡದವರು ಈ ಪ್ರಶ್ನೆಯನ್ನು ದಾಟಿ ಮುಂದೆ ಹೋಗಿ.) ಅದರ ಕೋಟೆಯಲ್ಲಿ ಒಬ್ಬ ನಗುಮೊಗದ ಪುರೋಹಿತನಿದ್ದಾನೆ. ಎಲ್ಲರಿಗೂ ಬೇಕಾದವನು, ಆತಿಥ್ಯದಲ್ಲಿ ಧಾರಾಳಿ. ಕರೆದರೆ ಗುಹೆಗಳ ಸಾಹಸಕ್ಕೂ ಜೊತೆಗೆ ಬರುತ್ತಾನೆ, ಹೊತ್ತು ನೋಡಿ ಬೆನ್ನಿಗೆ ಇರಿಯುತ್ತಾನೆ.

ಆದರೆ ಅವನ ಸುತ್ತ ಏನೇನು ಇಟ್ಟಿದ್ದಾರೆ ನೋಡಿ. ಅವನ ಇಬ್ಬರು ಶಿಷ್ಯರು ತುಟಿ ಬಿಚ್ಚುವುದಿಲ್ಲ, ಊರವರು ಅವರಿಂದ ದೂರವಿರುತ್ತಾರೆ. ಕೋಟೆಯ ಗುಡಿಯ ಪಾದ್ರಿಗೆ ಇವನ ಮೇಲೆ ಗುಮಾನಿಯಿದೆ, ಸ್ನೇಹ ಬೆಳೆಸಿ ಒತ್ತಿ ಕೇಳಿದವರಿಗೆ ಅವನು ಅದನ್ನು ಹೇಳುವ ಸಾಧ್ಯತೆ ನೂರಕ್ಕೆ ಐವತ್ತು. ಅಂದರೆ ಒಬ್ಬ ದ್ರೋಹಿಯನ್ನು ಹಿಡಿಯಲು ಬೇಕಾದದ್ದು ಇನ್ನೊಬ್ಬ ಎನ್‌ಪಿಸಿಯ ಸ್ನೇಹ. ಯಾರನ್ನೂ ನಂಬದ ತಂಡಕ್ಕೆ ಆ ಗುಟ್ಟು ಸಿಗುವುದೇ ಇಲ್ಲ. ಕುತಂತ್ರದ ಜೊತೆಯಲ್ಲೇ ನಂಬಿಕೆಗೂ ಕೂಲಿ ಕೊಡುವ ಈ ಏರ್ಪಾಟು ನನಗೆ ಬಹಳ ಹಿಡಿಸುತ್ತದೆ. ನನ್ನ ಮೂವರು ದ್ರೋಹಿಗಳಿಗೆ ಇಂಥ ಒಂದು ಸುಳಿವನ್ನೂ ನಾನು ಇಟ್ಟಿರಲಿಲ್ಲ. ಸುಳಿವಿಲ್ಲದ ದ್ರೋಹವನ್ನು ಆಟಗಾರರು ಕಥೆಯ ತಿರುವೆಂದು ಸವಿಯುವುದಿಲ್ಲ, ಹೊಂಚು ಹಾಕಿ ಹೊಡೆದರೆಂದುಕೊಳ್ಳುತ್ತಾರೆ.

ಅದೇ ಸಾಹಸದಲ್ಲಿ ಗಾಳಿಮಾತುಗಳ ಒಂದು ಪಟ್ಟಿಯೂ ಇದೆ, ಕೆಲವು ನಿಜ, ಕೆಲವು ಸುಳ್ಳು. "ಬ್ರೀ ಯಾರ್ಕ್ ಎಂದರೆ ಗಾಬ್ಲಿನ್ ಭಾಷೆಯಲ್ಲಿ ಶರಣಾಗತಿ" ಎಂಬುದು ಸುಳ್ಳುಗಳಲ್ಲಿ ಒಂದು. ಗುಹೆಯೊಳಗೆ ಗಾಬ್ಲಿನ್ ಎಂಬ ಕುಳ್ಳ ರಾಕ್ಷಸರು ಹಾಗೆ ಕೂಗುವುದು ನೆರವಿಗೆ ಬನ್ನಿ ಎಂದು ತಮ್ಮವರನ್ನು ಕರೆಯಲು. ಅದನ್ನು ನಂಬಿ ಕತ್ತಿ ಕೆಳಗಿಟ್ಟವರ ಪಾಡನ್ನು ಊಹಿಸಿಕೊಳ್ಳಿ. ಇದು ಯಾರಿಗೂ ಕಹಿಯಾಗುವುದಿಲ್ಲ, ಏಕೆಂದರೆ ಗಾಳಿಮಾತು ಗಾಳಿಮಾತೆಂಬ ಹೆಸರಿನಲ್ಲೇ ಬಂದಿದೆ.

ಒಂದು ಕ್ಯಾಂಪೇನ್‌ಗೆ ಎಷ್ಟು ದ್ರೋಹಿಗಳಿರಬಹುದು?

ಒಬ್ಬ. ಕ್ಯಾಂಪೇನ್ ಎರಡು ವರ್ಷ ನಡೆದರೆ ಇಬ್ಬರು.

ಆಟಗಾರರು ಪ್ರತಿ ಮಾತಿಗೂ ದಾಳ ಉರುಳಿಸಿ "ಅವನು ಸುಳ್ಳು ಹೇಳುತ್ತಿದ್ದಾನೆಯೇ?" ಎಂದು ಕೇಳುತ್ತಾರೆ. ತಡೆಯುವುದು ಹೇಗೆ?

ಡಂಜನ್ಸ್ ಅಂಡ್ ಡ್ರ್ಯಾಗನ್ಸ್‌ನ 2014ರ ಆವೃತ್ತಿಯಲ್ಲಿ ಇದಕ್ಕೆ ಇನ್‌ಸೈಟ್ ಎಂಬ ಕೌಶಲವಿದೆ, ಸುಳ್ಳು ಹೇಳುವವನ ಡಿಸೆಪ್ಷನ್ (ವಂಚನೆ) ಕೌಶಲಕ್ಕೆ ಎದುರಾಗಿ ಉರುಳಿಸುತ್ತಾರೆ. ನಿಯಮದಲ್ಲಿ ದೋಷವಿಲ್ಲ, ಅದನ್ನು ಸುಳ್ಳುಪತ್ತೆ ಯಂತ್ರವಾಗಿ ಬಳಸುವುದರಲ್ಲಿದೆ. 20 ಮುಖದ ದಾಳದಲ್ಲಿ 3 ಬಿತ್ತು, ಜಿಎಂ "ಪ್ರಾಮಾಣಿಕನಂತೆ ಕಾಣುತ್ತಾನೆ" ಎಂದರು. ಈಗ ಆ ಆಟಗಾರ್ತಿ ನಂಬುತ್ತಾಳೆಯೇ? ಬಿದ್ದದ್ದು 3, ಸುಳ್ಳು ಹಿಡಿಯಲು ಸಾಲದ ಅಂಕ ಎಂದು ಅವಳಿಗೆ ಕಾಣುತ್ತಿದೆ. ಪ್ರಾಮಾಣಿಕ ಎಂಬ ಉತ್ತರವೇ ಅವಳ ಸಂಶಯಕ್ಕೆ ತುಪ್ಪ ಸುರಿಯುತ್ತದೆ. ಕಾಲ್ ಆಫ್ ಕ್ಥುಲುವಿನಲ್ಲಿ ಸೈಕಾಲಜಿ ಕೌಶಲದ ದಾಳವನ್ನು ಕೀಪರ್ ಮರೆಯಲ್ಲಿ ಉರುಳಿಸುವ ರೂಢಿ ಬಂದದ್ದು ಇದಕ್ಕೇ.

ನನಗೆ ಅದಕ್ಕಿಂತ ಹಿಡಿಸಿದ ದಾರಿ 2010ರ ಅಪಾಕಲಿಪ್ಸ್ ವರ್ಲ್ಡ್ ಎಂಬ ಆಟದ್ದು. ಅಲ್ಲಿ ಒಬ್ಬ ವ್ಯಕ್ತಿಯನ್ನು ಓದಿಕೊಳ್ಳಲು ಎರಡು ದಾಳ ಉರುಳಿಸುತ್ತೀರಿ. 7ರಿಂದ 9 ಬಂದರೆ ಒಂದು ಪ್ರಶ್ನೆ, 10 ಅಥವಾ ಹೆಚ್ಚಾದರೆ ಮೂರು. ಇವನು ನಿಜ ಹೇಳುತ್ತಿದ್ದಾನೆಯೇ ಎಂಬುದು ಪಟ್ಟಿಯ ಹಲವು ಪ್ರಶ್ನೆಗಳಲ್ಲಿ ಒಂದು ಮಾತ್ರ. ಇವನು ಏನು ಮಾಡಬೇಕೆಂದಿದ್ದಾನೆ, ಇವನಿಂದ ನನಗೆ ಬೇಕಾದ ಕೆಲಸ ಮಾಡಿಸುವುದು ಹೇಗೆ ಎಂದೂ ಕೇಳಬಹುದು. ಈ ಪ್ರಶ್ನೆಗಳಿಗೆ ಉತ್ತರ ಹುಡುಕುವಾಗ ಎದುರಿನವನು ಮನುಷ್ಯನಾಗತೊಡಗುತ್ತಾನೆ. ಯಾವ ಆಟ ನಡೆಸುತ್ತಿದ್ದರೂ ಇದನ್ನು ಎರವಲು ತರಬಹುದು. "ಸುಳ್ಳೋ ನಿಜವೋ?" ಎಂದಾಗ "ಭಯಪಟ್ಟಿದ್ದಾನೆ, ಪದೇ ಪದೇ ಹಿತ್ತಿಲ ಬಾಗಿಲ ಕಡೆ ನೋಡುತ್ತಿದ್ದಾನೆ" ಎನ್ನಿ. ಭಯಪಟ್ಟವರೆಲ್ಲ ಸುಳ್ಳರಲ್ಲ. ಹಿತ್ತಿಲಲ್ಲಿ ಮಗಳನ್ನು ಅಡಗಿಸಿಟ್ಟಿರಬಹುದು.

ಎನ್‌ಪಿಸಿಗಳು ಆಟಗಾರರನ್ನು ಎಷ್ಟು ನಂಬಬೇಕು? ಇದಕ್ಕೇನಾದರೂ ಲೆಕ್ಕವಿದೆಯೇ?

ಇದೆ. ಬಹಳ ಹಳೆಯ ಲೆಕ್ಕ, ಈಗಿನವರು ಮರೆತಿರುವುದು. 1981ರ ಬೇಸಿಕ್ ನಿಯಮಗಳಲ್ಲಿ ಅಪರಿಚಿತರು ಎದುರಾದಾಗ ಅವರ ಮನೋಭಾವಕ್ಕೆ ಆರು ಮುಖದ ಎರಡು ದಾಳ ಉರುಳಿಸುತ್ತಿದ್ದರು. 2 ಬಿದ್ದರೆ ಕೂಡಲೇ ದಾಳಿ, 12 ಬಿದ್ದರೆ ಅಕ್ಕರೆಯ ಸ್ನೇಹ. ನಡುವಿನ 6ರಿಂದ 8 ಬಿದ್ದರೆ ಎದುರಿನವರು ಇನ್ನೂ ಏನೂ ತೀರ್ಮಾನಿಸಿಲ್ಲ. 36 ಸಾಧ್ಯತೆಗಳಲ್ಲಿ 16 ಈ ನಡುಗಡ್ಡೆಯಲ್ಲೇ ಬೀಳುತ್ತವೆ. ಗುಹೆಯಲ್ಲಿ ಎದುರಾದ ಓರ್ಕ್ ಎಂಬ ಕ್ರೂರ ಜೀವಿ ಕೂಡ ಎಷ್ಟೋ ಸಲ ಮೊದಲ ಮಾತಿಗೆ ಕಾಯುತ್ತಿತ್ತು ಎಂದಾಯಿತು.

ಕೂಲಿಗೆ ಬಂದ ಜೊತೆಗಾರರ ಲೆಕ್ಕ ಇನ್ನೂ ಸೊಗಸು. ನಿಮ್ಮ ಪಾತ್ರದ ಕರಿಸ್ಮಾ, ಅಂದರೆ ಜನರನ್ನು ಸೆಳೆಯುವ ಗುಣದ ಅಂಕ, 9ರಿಂದ 12 ಇದ್ದರೆ ನಾಲ್ವರನ್ನು ಇಟ್ಟುಕೊಳ್ಳಬಹುದು, ಅವರ ಮನೋಬಲ 7. ಕರಿಸ್ಮಾ 18 ಇದ್ದರೆ ಏಳು ಮಂದಿ, ಮನೋಬಲ 10. ಸಾಹಸ ಮುಗಿದಾಗಲೆಲ್ಲ ಎರಡು ದಾಳ ಉರುಳಿಸಿ, ಮನೋಬಲವನ್ನು ಮೀರಿದರೆ ಆ ಜೊತೆಗಾರ ಮತ್ತೆ ನಿಮ್ಮೊಂದಿಗೆ ಬರುವುದಿಲ್ಲ. ಮನೋಬಲ 7 ಆದರೆ ಉಳಿಯುವ ಸಾಧ್ಯತೆ 36ರಲ್ಲಿ 21, 10 ಆದರೆ 36ರಲ್ಲಿ 33. ಚೆನ್ನಾಗಿ ನೋಡಿಕೊಂಡರೆ ಮನೋಬಲ ಏರಿಸುವುದೂ, ಹೀನಾಯವಾಗಿ ಕಂಡರೆ ಇಳಿಸುವುದೂ ಡಿಎಂ ಕೈಯಲ್ಲಿ.

2014ರ ಡಿಎಂ ಕೈಪಿಡಿಯಲ್ಲೂ ನಿಷ್ಠೆಯ ಐಚ್ಛಿಕ ನಿಯಮವೊಂದು ಮೂಲೆಯಲ್ಲಿದೆ. ತಂಡದಲ್ಲಿ ಯಾರ ಕರಿಸ್ಮಾ ಹೆಚ್ಚೋ ಅದು ಎನ್‌ಪಿಸಿಯ ನಿಷ್ಠೆಗೆ ಮೇಲ್ಮಿತಿ, ಅದರ ಅರ್ಧದಿಂದ ಆರಂಭ. ಅವನ ಗುರಿಗೆ ನೆರವಾದರೆ, ಆಪತ್ತಿನಲ್ಲಿ ಉಳಿಸಿದರೆ, ನಾಲ್ಕು ಮುಖದ ಒಂದು ದಾಳದಷ್ಟು ಏರುತ್ತದೆ. ಸ್ವಾರ್ಥಕ್ಕಾಗಿ ಅವನನ್ನು ವಂಚಿಸಿದರೆ ಅಥವಾ ಅಪಾಯಕ್ಕೆ ದೂಡಿದರೆ ಅಂಥ ಎರಡು ದಾಳದಷ್ಟು ಇಳಿಯುತ್ತದೆ. ಏರುವುದಕ್ಕೆ ಒಂದು ದಾಳ, ಇಳಿಯುವುದಕ್ಕೆ ಎರಡು ಎಂಬುದನ್ನು ಗಮನಿಸಿ. ಇದನ್ನು ಬರೆದವರು ಬಾಡಿಗೆ ಮನೆಯ ಮಾಲೀಕರ ವಿಶ್ವಾಸ ಗಳಿಸಲು ಹೆಣಗಿದವರೇ ಇರಬೇಕು.

ಲೆಕ್ಕವಿಡಲು ಬೇಸರವಾದರೆ ಬಿಡಿ. ಪ್ರತಿ ಎನ್‌ಪಿಸಿಯ ಹೆಸರಿನ ಮುಂದೆ, ಈ ತಂಡ ತನಗೆ ಕೊನೆಯ ಬಾರಿ ಏನು ಮಾಡಿತು ಎಂದು ಒಂದು ಸಾಲು ಬರೆದಿಡಿ. "ಕುದುರೆ ವಾಪಸು ಕೊಡಲಿಲ್ಲ." "ಮದುವೆಗೆ ಬಂದರು." ಸಾಕು.

ಕನ್ನಡದಲ್ಲಿ ಆಡುವಾಗ ಏನಾದರೂ ವ್ಯತ್ಯಾಸವಿದೆಯೇ?

ಇಂಗ್ಲಿಷಿನಲ್ಲಿ ಆಡಿ ಆಮೇಲೆ ಕನ್ನಡಕ್ಕೆ ಬಂದವರಿಗೆ ಇದು ಮೊದಲ ದಿನವೇ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ರಾಜನಿಗೂ ಕಳ್ಳನಿಗೂ ಒಂದೇ ಸರ್ವನಾಮ ಸಾಕು. ನಮ್ಮಲ್ಲಿ ಎನ್‌ಪಿಸಿ ಬಾಯಿ ತೆರೆಯುವ ಮೊದಲೇ ನೀನು, ನೀವು, ತಾವು, ಮೂರರಲ್ಲಿ ಒಂದನ್ನು ಆರಿಸಬೇಕು. ಆ ಆಯ್ಕೆಯಲ್ಲೇ ಅರ್ಧ ಸಂಬಂಧ ಹೇಳಿಯಾಗುತ್ತದೆ. ನಾಲ್ಕು ಸೆಷನ್ (ಒಮ್ಮೆ ಕೂತು ಆಡುವ ಆಟ) ನೀವು ಎಂದವಳು ಐದನೆಯದರಲ್ಲಿ "ನೀನು ಊಟ ಮಾಡಿದೆಯಾ?" ಎಂದರೆ, ನಿಷ್ಠೆಯ ಅಂಕ ಎಷ್ಟೆಂದು ಯಾರೂ ಕೇಳಬೇಕಿಲ್ಲ. ಅದೇ ನೀನು ಸುಂಕದ ಅಧಿಕಾರಿಯ ಬಾಯಲ್ಲಿ ಬಂದರೆ ಮೇಜಿನ ಸುತ್ತ ಬೆನ್ನುಗಳು ನೆಟ್ಟಗಾಗುತ್ತವೆ. ತಾವು, ಸ್ವಾಮಿ, ಬುದ್ಧಿ ಎಂದು ಅತಿಯಾಗಿ ಬಾಗುವವನ ಜೇಬನ್ನು ಆಟಗಾರರು ತಾವಾಗಿಯೇ ನೋಡತೊಡಗುತ್ತಾರೆ.

ಇದರಲ್ಲೊಂದು ಗುಂಡಿಯಿದೆ, ನಾನು ಬಿದ್ದಿದ್ದೇನೆ. ವರ್ಣಿಸುವಾಗ "ಹಿರಿಯ ಮಂತ್ರಿಗಳು ಬಂದರು, ಕಿರಿಯ ಮಂತ್ರಿ ಬಂದ" ಎಂದುಬಿಟ್ಟೆ. ಒಬ್ಬ ಆಟಗಾರ್ತಿ ಕೂಡಲೇ, "ಇಬ್ಬರೂ ಮಂತ್ರಿಗಳೇ. ಕಿರಿಯವರಿಗೆ ಏಕವಚನ ಏಕೆ? ಅವನೇ ಖಳನಾಯಕ" ಎಂದಳು. ಸರಿಯಾಗಿಯೇ ಹಿಡಿದಿದ್ದಳು. ಯಾರು ಕೆಟ್ಟವರೆಂದು ನನಗೆ ಗೊತ್ತಿದ್ದುದರಿಂದ ನಾಲಿಗೆ ಅವರಿಗೆ ಮರ್ಯಾದೆ ಕೊಡಲು ಒಪ್ಪಿರಲಿಲ್ಲ. ಅಂದಿನಿಂದ ಪಾತ್ರದ ಅಂತಸ್ತನ್ನು ನೋಡಿ ಏಕವಚನ, ಬಹುವಚನ ಮೊದಲೇ ಬರೆದಿಟ್ಟುಕೊಳ್ಳುತ್ತೇನೆ.

ಸಂಬಂಧಸೂಚಕಗಳನ್ನೂ ಬಳಸಿ. "ಅಣ್ಣಾ, ಒಂದು ಕೈ ಹಿಡಿಯಿರಿ" ಎಂದ ಗಾಡಿಯವನನ್ನು ಆಟಗಾರರು ಬಿಟ್ಟುಹೋಗುವುದು ಕಷ್ಟ.

ಮಾತು ಕೊಟ್ಟು ಸೆರೆಯಾಳನ್ನು ಕೊಂದರು. ಶಿಕ್ಷೆ ಕೊಡಲೇ?

ಶಿಕ್ಷೆ ಬೇಡ, ಸುದ್ದಿ ಹರಡಲಿ. ಮುಂದಿನ ಜಗಳದಲ್ಲಿ ಯಾರೂ ಶರಣಾಗುವುದಿಲ್ಲ, ಸಾಯುವವರೆಗೆ ಹೋರಾಡುತ್ತಾರೆ. "ಶರಣಾದರೂ ನೀವು ಕೊಲ್ಲುತ್ತೀರಂತೆ" ಎಂದು ಒಬ್ಬನ ಬಾಯಲ್ಲಿ ಹೇಳಿಸಿ. ಆಕಾಶದಿಂದ ಸಿಡಿಲು ಬೀಳಿಸಿದರೆ ಅದು ನಿಮ್ಮ ಸಿಟ್ಟೆಂದು ಅವರಿಗೆ ಗೊತ್ತಾಗುತ್ತದೆ.

ನನ್ನ ಆಟಗಾರರ ಪಾತ್ರಗಳೆಲ್ಲ ಅನಾಥರು. ಅಪ್ಪ, ಅಮ್ಮ, ಊರು ಯಾವುದೂ ಇಲ್ಲ. ಇದೇನು ಕಾಯಿಲೆ?

ಹಿಂದಿನ ಯಾವುದೋ ಆಟದಲ್ಲಿ ಜಿಎಂ ಆಟಗಾರರ ಪಾತ್ರದ ಅಮ್ಮನನ್ನು ಅಪಹರಿಸಿದ್ದಾರೆ. ಪಾತ್ರದ ಹಿನ್ನೆಲೆಯಲ್ಲಿ ತಂಗಿಯೊಬ್ಬಳಿದ್ದಾಳೆ ಎಂದು ಬರೆದರೆ ಮೂರನೆಯ ಸೆಷನ್‌ಗೆ ಅವಳ ಕತ್ತಿನ ಮೇಲೆ ಚಾಕು ಬರುತ್ತದೆ ಎಂದು ಕಲಿತವರು, ಮುಂದಿನ ಸಲ ತಂಗಿಯನ್ನೇ ಬರೆಯುವುದಿಲ್ಲ. ಔಷಧಿ ಸರಳ. ತಂಗಿ ಇದ್ದರೆ ಅವಳಿಂದ ಒಂದು ಪತ್ರ ಬರಲಿ, ಜೊತೆಗೆ ಒಂದು ಡಬ್ಬಿ ಉಪ್ಪಿನಕಾಯಿ. ಡಬ್ಬಿಯಲ್ಲಿ ಉಪ್ಪಿನಕಾಯಿಯೇ ಇರಲಿ.

20 ಮುಖದ ದಾಳದಲ್ಲಿ ಇಪ್ಪತ್ತೇ ಬಿದ್ದರೆ ರಾಜ ಕಿರೀಟ ಬಿಟ್ಟುಕೊಡಬೇಕೇ?

ಇಲ್ಲ. ಒಳ್ಳೆಯ ತಮಾಷೆಯೆಂದು ನಕ್ಕು, ತಲೆ ತೆಗೆಯದೆ ಕಳುಹಿಸುತ್ತಾನೆ. ಅದೇ ಇಪ್ಪತ್ತರ ಫಲ.

ತಂಡದ ಜೊತೆಯಲ್ಲೇ ಸದಾ ಇರುವ ಎನ್‌ಪಿಸಿಯನ್ನು ಸೇರಿಸಿದರೆ ನಂಬಿಕೆ ಬೆಳೆಯುವುದೇ?

ಅವನು ಅವರಿಗಿಂತ ದುರ್ಬಲನಾಗಿದ್ದರೆ. ಜಿಎಂ ತನಗಾಗಿ ಸಾಕಿಕೊಂಡ ವೀರನನ್ನು ಆಟಗಾರರು ಎರಡೇ ಸೆಷನ್‌ನಲ್ಲಿ ದ್ವೇಷಿಸುತ್ತಾರೆ. ಹೊರೆ ಹೊರುವವನು, ಅಡುಗೆ ಮಾಡುವವನು, ಕತ್ತಲಿಗೆ ಹೆದರುವವನು ಇದ್ದರೆ ಅವನಿಗಾಗಿ ಪ್ರಾಣ ಕೊಡುತ್ತಾರೆ. ಮುಖ್ಯವಾಗಿ, ಅವನ ಬಾಯಿಂದ ಒಗಟಿನ ಉತ್ತರ ಹೇಳಿಸಬೇಡಿ.

ನಾನು ಆಟಗಾರ. ನಮ್ಮ ಜಿಎಂ ಎಲ್ಲರನ್ನೂ ದ್ರೋಹಿಗಳನ್ನಾಗಿಸುತ್ತಾರೆ. ಏನು ಮಾಡಲಿ?

ಆಟ ಮುಗಿದ ಮೇಲೆ, ಚಹಾದ ಹೊತ್ತಿನಲ್ಲಿ, ಪಾತ್ರವನ್ನು ಬದಿಗಿಟ್ಟು ಹೇಳಿ. "ನಿಮ್ಮ ಎನ್‌ಪಿಸಿಗಳನ್ನು ಇಷ್ಟಪಡಬೇಕೆಂಬ ಆಸೆಯಿದೆ, ಧೈರ್ಯ ಬರುತ್ತಿಲ್ಲ" ಎಂಬ ಒಂದು ಮಾತು ಸಾಕು. ಮುಂದಿನ ವಾರ ನೀವೂ ಒಂದು ಹೆಜ್ಜೆ ಇಡಿ, ಯಾರನ್ನಾದರೂ ಕಣ್ಣು ಮುಚ್ಚಿ ನಂಬಿ. ಪಾತ್ರ ಸತ್ತರೆ ಹೊಸ ಹಾಳೆ ತೆಗೆದುಕೊಂಡರಾಯಿತು.

ಒಮ್ಮೆ ಕೆಟ್ಟ ನಂಬಿಕೆ ಮತ್ತೆ ಬರುವುದೇ?

ಬರುತ್ತದೆ, ನಿಧಾನವಾಗಿ. ದೋಣಿಯ ಪ್ರಸಂಗದ ಮರುವಾರ ನಾನು ಆಟ ಆರಂಭಿಸುವ ಮುನ್ನ ಎಲ್ಲರ ಎದುರು ಹೇಳಿದೆ: "ಮೂರು ಸಲ ಮೋಸ ಮಾಡಿದೆ, ತಪ್ಪಾಯಿತು. ಮುಂದಿನ ಎಂಟು ಸೆಷನ್‌ಗಳಲ್ಲಿ ನಿಮಗೆ ಒಳ್ಳೆಯದು ಮಾಡಿದವರು ಯಾರೂ ನಿಮಗೆ ದ್ರೋಹ ಮಾಡುವುದಿಲ್ಲ." ಮಾತು ಕೊಟ್ಟದ್ದು ಜಿಎಂ, ಯಾವ ಎನ್‌ಪಿಸಿಯೂ ಅಲ್ಲ. ಕಥೆಯ ಸ್ವಾರಸ್ಯ ಹೋಯಿತೆಂದು ಒಬ್ಬ ಗೊಣಗಿದ. ಹೋದದ್ದೇನೂ ಇರಲಿಲ್ಲ. ಯಾರು ಮೋಸಗಾರ ಎಂಬ ಒಂದೇ ಪ್ರಶ್ನೆಯಲ್ಲಿ ಸಿಕ್ಕಿಕೊಂಡಿದ್ದವರು ಮೊದಲ ಬಾರಿಗೆ ಎನ್‌ಪಿಸಿಗಳಿಗೆ ಏನು ಬೇಕು ಎಂದು ಕೇಳತೊಡಗಿದರು.

ಆರನೆಯ ಸೆಷನ್‌ನಲ್ಲಿ ಅದೇ ಹೊಳೆಯ ದಡಕ್ಕೆ ಮರಳಿ ಬಂದರು. ಅಜ್ಜಿ ಹೊಸ ದೋಣಿ ಮಾಡಿಸಿದ್ದಳು. ಈಗ ತಲೆಗೆ ನಾಲ್ಕು ಕಾಸು, ಮುಂಗಡ. ಅವರು ಏನೂ ಕೇಳದೆ ಎಂಟೆಂಟು ಕಾಸು ಎಣಿಸಿಟ್ಟು ಹತ್ತಿದರು. ಆಚೆ ದಡದ ಕಾಡಿಗೆ ಭಾರ ಹೊತ್ತು ಹೋಗಲಾಗದೆ, ಗಳಿಸಿದ ಚಿನ್ನದ ಚೀಲವನ್ನು ಅವಳ ಬಳಿಯೇ ಬಿಟ್ಟರು. ಎರಡು ವಾರದ ನಂತರ ಹಿಂದಿರುಗಿದಾಗ ಅಜ್ಜಿ ಚೀಲವನ್ನು ಮುಂದಿಟ್ಟು, "ಎಣಿಸಿಕೊಳ್ಳಿ" ಎಂದಳು. ಹಿಂದೆ ಅವಳನ್ನು ಗೂಟಕ್ಕೆ ಕಟ್ಟಿದ್ದ ಆಟಗಾರನೇ ಚೀಲವನ್ನು ಹೆಗಲಿಗೇರಿಸಿ, "ಬೇಡ ಅಜ್ಜಿ, ಕತ್ತಲಾಯಿತು, ನೀನು ಒಳಗೆ ಹೋಗು" ಎಂದ.

ನೀನು ಎಂದ. ನಾನು ಕನ್ನಡಕ ಹಾಕಿಕೊಂಡು, ಅಂದಿನ ಆಟ ಅಲ್ಲಿಗೇ ಮುಗಿಸಿದೆ.